ಮೂರನೇ ರಾತ್ರಿಗೆ ಯಾಕೆ ಸೋಲುತ್ತೇನೆ?

ಪ್ರಶ್ನೆ: ನನಗೆ 26. ವೈಟ್‌ಫೀಲ್ಡ್‌ನಲ್ಲಿ ಕೆಲಸ. ನಾಲ್ಕು ವರ್ಷದಿಂದ ದಿನಾ ರಾತ್ರಿ ಗಾಂಜಾ ಸೇದುತ್ತೇನೆ. ಎರಡು ಸಲ ಬಿಟ್ಟೆ. ಎರಡು ಸಲವೂ ಮೂರನೇ ರಾತ್ರಿ ನಿದ್ದೆ ಬಾರದೆ ಮತ್ತೆ ಹಚ್ಚಿದೆ. ಡಾಕ್ಟರು ಹತ್ತು ನಿಮಿಷ ಏನೇನೋ ಕೇಳಿ, ಮಾತ್ರೆಯನ್ನೂ ಬರೆಯದೆ, ವಾರ ಬಿಟ್ಟು ಬನ್ನಿ ಎಂದರು. ಇಷ್ಟರಿಂದ ಏನಾಗುತ್ತೆ?
– ಹೆಸರು ಬೇಡ, ಬೆಂಗಳೂರು

ಉತ್ತರ: ಗಾಂಜಾ ಬಿಡಿಸುವುದಕ್ಕೆಂದೇ ಮಾನ್ಯತೆ ಪಡೆದ ಮಾತ್ರೆ ಇಲ್ಲ. ಹಾಗಾಗಿ ಡಾಕ್ಟರು ಬರಿಗೈಲಿ ಕಳಿಸಿದರು ಅಂದುಕೊಳ್ಳಬೇಡಿ. ಅವರು ಕೇಳಿದ್ದು ಬಹುಶಃ ವಿಶ್ವ ಆರೋಗ್ಯ ಸಂಸ್ಥೆಯ ‘ಅಸಿಸ್ಟ್’ ಪ್ರಶ್ನೆಗಳು: ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಸೇದಿದಿರಿ, ಸೇದಲೇಬೇಕೆಂಬ ತುಡಿತ ಎಷ್ಟು, ಅದರಿಂದ ಯಾವ ಕೆಲಸ ಕೆಟ್ಟಿತು. 4ರಿಂದ 26 ಅಂಕ ಬಂದರೆ ಇಂಥ ಕಿರು ಸಮಾಲೋಚನೆಯಿಂದಲೇ ಶುರು. 27 ಅಥವಾ ಹೆಚ್ಚಾದರೆ ಅದಷ್ಟೇ ಸಾಲದು, ವ್ಯಸನ ಚಿಕಿತ್ಸೆಯವರನ್ನೇ ನೋಡಬೇಕು. ದಿನಾ ಸೇದುವವರು ಆ ಗೆರೆ ದಾಟುವುದುಂಟು, ನಿಮ್ಮ ಅಂಕ ಕೇಳಿಕೊಳ್ಳಿ.

‘ಬಿಡುವುದು ನಿಮಗೆ 10ಕ್ಕೆ ಎಷ್ಟು ಮುಖ್ಯ?’ ಎಂದೂ ಕೇಳಿರಬಹುದು. ನೀವು 5 ಎಂದರೆ, ಪಳಗಿದವರು ‘9 ಯಾಕಲ್ಲ?’ ಎನ್ನುವುದಿಲ್ಲ, ‘2 ಯಾಕಲ್ಲ?’ ಎನ್ನುತ್ತಾರೆ. ಮೊದಲನೆಯದಕ್ಕೆ ಬಾಯಿಗೆ ಬರುವುದು ನೆಪ, ಎರಡನೆಯದಕ್ಕೆ ನಿಮ್ಮದೇ ಕಾರಣ. ಅದನ್ನು ಬರೆದಿಡಿ.

ಇನ್ನು ಆ ಮೂರನೇ ರಾತ್ರಿ. ಬಿಟ್ಟ ಒಂದೆರಡು ದಿನಕ್ಕೆ ಸಿಡುಕು, ಬೆವರು, ಊಟ ಸೇರದಿರುವುದು ಶುರುವಾಗುತ್ತದೆ. ಮೊದಲ ವಾರದಲ್ಲೇ ಜೋರು, ಸುಮಾರು ಎರಡು ವಾರಕ್ಕೆ ಇಳಿತ. ನಿದ್ದೆಗೇಡು, ಕೆಟ್ಟ ಕನಸು ಇನ್ನೂ ಕೆಲವು ದಿನ ಎಳೆಯಬಹುದು. ನೀವು ಎರಡು ಸಲವೂ ಜಾರಿದ್ದು ಏರಿನ ತುದಿಯಲ್ಲಿ. ಬುಧವಾರ ರಾತ್ರಿಯದೇ ಕೊನೆಯದಾಗಲಿ, ಕಷ್ಟದ ರಾತ್ರಿಗಳು ಶನಿವಾರ, ಭಾನುವಾರಕ್ಕೆ ಬೀಳುತ್ತವೆ. ಪೇಪರು, ಕ್ರಷರು, ತಂದುಕೊಡುವವನ ನಂಬರು ಎಲ್ಲ ಅಂದೇ ಹೋಗಲಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ನಿದ್ದೆಗೆಂದು ಬಿಯರ್ ಹಿಡಿದರೆ ಒಂದು ಬಿಟ್ಟು ಇನ್ನೊಂದು.

ಸಿಗರೇಟಿನ ತಂಬಾಕು ಬೆರೆಸಿ ಸುತ್ತುತ್ತೀರಾ? ಹಾಗಿದ್ದರೆ ಗಾಂಜಾ ಜೊತೆ ನಿಕೋಟಿನ್ನೂ ನಿಂತು, ಎರಡರ ಸಿಡುಕೂ ಒಟ್ಟಿಗೆ ಬರುತ್ತದೆ. ಇದನ್ನು ಹೆಚ್ಚಿನವರು ಡಾಕ್ಟರಿಗೆ ಹೇಳುವುದೇ ಇಲ್ಲ. ನಿಕೋಟಿನ್ ಪಾಲಿಗೆ ಚೂಯಿಂಗ್ ಗಮ್ ಇದೆ, ಕೇಳಿ.

ಯಾರೋ ಮಾತಾಡಿದಂತೆ ಕೇಳಿಸಿದರೆ, ಎಲ್ಲರ ಮೇಲೂ ಅನುಮಾನ ಹುಟ್ಟಿದರೆ, ಸಾಯುವ ಯೋಚನೆ ಬಂದರೆ ವಾರ ಕಾಯಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಮಗ ಬಿಟ್ಟು ಹತ್ತು ದಿನವಾಯಿತು ಅನ್ನುತ್ತಾನೆ. ಮೆಡಿಕಲ್ ಶಾಪಿನ ಕಿಟ್‌ನಲ್ಲಿ ಮೂತ್ರ ಪರೀಕ್ಷೆ ಮಾಡಿಸಿದರೆ ಗಾಂಜಾ ಇದೆ ಅಂತಲೇ ಬಂತು. ಸುಳ್ಳು ಹೇಳುತ್ತಿದ್ದಾನಾ?
– ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಹಾಗೆನ್ನಲಾಗದು ತಾಯಿ. ಗಾಂಜಾದ ಅಂಶ ಮೈಯ ಕೊಬ್ಬಿನಲ್ಲಿ ಕೂತು ನಿಧಾನವಾಗಿ ಹೊರಬರುತ್ತದೆ. ದಿನಾ ಸೇದುತ್ತಿದ್ದವರ ಮೂತ್ರದಲ್ಲಿ ಬಿಟ್ಟ ಮೇಲೂ ಕೆಲವು ವಾರ ಸಿಗುತ್ತದೆ. ಕಿಟ್ ಎತ್ತಿಡಿ, ‘ನಿದ್ದೆ ಬಂತೇನೋ?’ ಎಂದು ಕೇಳಿ.