ಹಾಡು ಕೇಳಿದರೆ ಬಿಟ್ಟು ಬಂದ ಊರು ನೆನಪಾಗುತ್ತದೆ ಅಂದಿರಲ್ಲ

ನೀವು ಬಂದು ನಾಲ್ಕು ತಿಂಗಳಾಯಿತು ಅಂದಿರಿ. ಕೆಲಸ ಹಿಡಿಸಿದೆ, ಮನೆಯೂ ಸಿಕ್ಕಿದೆ. ಹಗಲೆಲ್ಲ ಏನೂ ಅನಿಸುವುದಿಲ್ಲ. ರಾತ್ರಿ ಹಳೆಯ ಹಾಡೊಂದು ಕಿವಿಗೆ ಬಿದ್ದರೆ ಮಾತ್ರ ಆ ಊರು ಕಣ್ಣ ಮುಂದೆ ಬಂದು ನಿಲ್ಲುತ್ತದೆ, ಅಳು ಬರುತ್ತದೆ. ಹಾಡು ಕೇಳುವುದನ್ನೇ ಬಿಡಲಾ, ಇಲ್ಲಿಗೆ ಬಂದದ್ದೇ ತಪ್ಪಾಯಿತಾ ಅಂತ ಕೇಳಿದ್ದೀರಿ.

ಬಿಡಬೇಡಿ. ಬಂದದ್ದು ತಪ್ಪೂ ಅಲ್ಲ. ನಾನು ಬಂದು 19 ವರ್ಷವಾಯಿತು, ನನಗೆ ಇವತ್ತಿಗೂ ಹೀಗಾಗುತ್ತದೆ.

ಆ ಊರಲ್ಲಿ ನಾನೂ ಗೆಳೆಯನೂ ಇದ್ದ ಬಾಡಿಗೆ ಕೋಣೆಯ ಕೆಳಗೆ ಒಂದು ಮನೆಯಿತ್ತು. ಬೆಳಗ್ಗೆ ಅಲ್ಲಿ ರೇಡಿಯೋ ಹಾಕುತ್ತಿದ್ದರು. ಒಂದು ಹಾಡು ಬಂದಾಗ, ಪಲ್ಲವಿಗೆ ಸರಿಯಾಗಿ ಯಾರೋ ವಾಲ್ಯೂಮ್ ಜಾಸ್ತಿ ಮಾಡುತ್ತಿದ್ದರು. ಚರಣ ಶುರುವಾದ ಕೂಡಲೇ ಮತ್ತೆ ಕಡಿಮೆ. ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಇಲ್ಲಿ ಅದೇ ಹಾಡನ್ನು ಇಯರ್‌ಫೋನಿನಲ್ಲಿ ಹಾಕಿದರೆ, ಪಲ್ಲವಿ ಬರುವ ಹೊತ್ತಿಗೆ ನನ್ನ ಬೆರಳು ತಾನಾಗಿ ವಾಲ್ಯೂಮ್ ಗುಂಡಿಗೆ ಹೋಗುತ್ತಿತ್ತು. ಒಣಹಾಕಿದ ಬಟ್ಟೆಯ ವಾಸನೆ, ಮೆಟ್ಟಿಲ ಮೇಲಿನ ಬಿಸಿಲು, ಎಲ್ಲ ಒಟ್ಟಿಗೆ ಬರುತ್ತಿತ್ತು.

ಇದು ಬಹಳ ಹಳೆಯ ಸಂಕಟ. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯಕೀಯ ವಿದ್ಯಾರ್ಥಿ ಇದನ್ನು ಕಾಯಿಲೆ ಅಂತಲೇ ತಿಳಿದು, ಗ್ರೀಕಿನ ಎರಡು ಪದ ಸೇರಿಸಿ ‘ನಾಸ್ಟಾಲ್ಜಿಯಾ’ ಅಂತ ಹೆಸರಿಟ್ಟ. ಒಂದಕ್ಕೆ ಮನೆಗೆ ಮರಳುವುದು ಅಂತ ಅರ್ಥ, ಇನ್ನೊಂದಕ್ಕೆ ನೋವು. ಪರದೇಶದಲ್ಲಿದ್ದ ಸ್ವಿಸ್ ಸೈನಿಕರು ತಮ್ಮ ಕಡೆಯ ದನಗಾಹಿಗಳ ರಾಗ ಕೇಳಿದರೆ ಅಳುತ್ತಿದ್ದರು, ಸೇನೆ ಬಿಟ್ಟು ಓಡುತ್ತಿದ್ದರು ಅಂತ ತತ್ವಜ್ಞಾನಿ ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿದ್ದಾನೆ. ಹೊರಗಿನವರಿಗೆ ಅದೇ ರಾಗ ಏನೂ ಮಾಡುವುದಿಲ್ಲ, ಅಲ್ಲಿ ಕೆಲಸ ಮಾಡುವುದು ನೆನಪು ಅಂತಲೂ ಹೇಳುತ್ತಾನೆ. ನನಗೆ ಹೆಚ್ಚು ಹಿಡಿಸಿದ್ದು ಈ ಮಾತು. ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಕೇಳಿದ ಹಾಡುಗಳೇ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ ಎನ್ನುತ್ತಾರೆ ನೆನಪಿನ ಬಗ್ಗೆ ಅಧ್ಯಯನ ಮಾಡುವವರು. ನಿಮಗೆ ಬೇಕಾಗಿರುವುದು ಊರು ಮಾತ್ರ ಅಲ್ಲ, ಆ ವಯಸ್ಸೂ ಕೂಡ. ಅಲ್ವಾ?

ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಮೊದಲ ಚಳಿಗಾಲ ಪೂರ್ತಿ ಆ ಹಾಡನ್ನು ರೈಲಿನಲ್ಲಿ ಹೋಗುವಾಗ ಬರುವಾಗ ಕೇಳಿದೆ. ಚಳಿ ಮುಗಿಯುವಷ್ಟರಲ್ಲಿ ಮೆಟ್ಟಿಲು, ಬಿಸಿಲು ಎಲ್ಲ ಮಸುಕಾಗಿತ್ತು. ಹಾಡು ಹಾಕಿದರೆ ರೈಲಿನ ಒದ್ದೆ ಗಾಜು, ಮರಗಟ್ಟಿದ ನನ್ನ ಬೆರಳು ನೆನಪಾಗುತ್ತಿದ್ದವು. ಒಂದೇ ಹಾಡಿಗೆ ಹತ್ತು ನೆನಪು ಕಟ್ಟಿದರೆ ಯಾವುದೂ ಸ್ಪಷ್ಟವಾಗಿ ಬರುವುದಿಲ್ಲ. ಎಷ್ಟು ಸಂಕಟವಾಯಿತು ಅಂದರೆ, ಏನೋ ಕಳೆದುಕೊಂಡವನ ಹಾಗೆ ತಿಂಗಳುಗಟ್ಟಲೆ ಇದ್ದೆ.

ಅದಕ್ಕೇ ಹೇಳುವುದು, ಬಹಳ ಪ್ರೀತಿಯ ಮೂರ್ನಾಲ್ಕು ಹಾಡು ಎತ್ತಿಡಿ. ಪಾತ್ರೆ ತೊಳೆಯುವಾಗ ಸುಮ್ನೆ ಹಾಕಬೇಡಿ. ಯಾವಾಗಲೋ ಒಮ್ಮೆ, ಕೂತು ಕೇಳಿ. ದಿನದ ಓಡಾಟಕ್ಕೆ ಹೊಸ ಹಾಡು ಹುಡುಕಿಕೊಳ್ಳಿ, ಈ ಊರಿನ ನೆನಪಿಗೂ ಏನಾದರೂ ಬೇಕಲ್ಲ. ಹೋದ ವರ್ಷ ನನ್ನ ಆ ಹಾಡು ಎಲ್ಲಿಂದಲೋ ಕೇಳಿಸಿತು. ಕಣ್ಣು ತುಂಬಿದ್ದು ಆ ರೈಲಿಗಾಗಿ.

ಅಳು ಬಂದರೆ ಬರಲಿ. ಅಲ್ಲಿ ಯಾರು ಎಚ್ಚರ ಇರುತ್ತಾರೋ ಅವರಿಗೆ ಫೋನ್ ಮಾಡಿ, ಈ ಹಾಡು ಕೇಳಿದೆ ಅನ್ನಿ. ನಾನೂ ಅವತ್ತು ಕೋಣೆಯ ಗೆಳೆಯನಿಗೆ ಫೋನ್ ಮಾಡಿದೆ. ಅವನು ಮೊದಲು ಕೇಳಿದ್ದು ಇಷ್ಟೇ: “ಪಲ್ಲವಿ ಬಂದಾಗ ಜೋರು ಮಾಡಿದ್ಯಾ?”