ವ್ಯಾಕರಣ ಗೊತ್ತಿದ್ದೂ ಇಂಗ್ಲಿಷ್ ಪ್ಯಾರಾ ಗೋಜಲಾಗುವುದು ಏಕೆ?

ನೀವು ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪದವಿಗೆ ಬಂದಿದ್ದೀರಿ. ವ್ಯಾಕರಣದ ಅಭ್ಯಾಸಗಳೆಲ್ಲ ಸರಿಯಾಗುತ್ತವೆ, ಸ್ವಂತವಾಗಿ ಒಂದು ಪ್ಯಾರಾ ಬರೆದರೆ ಮಾತ್ರ ‘ಸ್ಪಷ್ಟವಾಗಿಲ್ಲ’ ಎಂಬ ಷರಾ ಬರುತ್ತದೆ, ಎಲ್ಲಿಂದ ತಿದ್ದಿಕೊಳ್ಳಲಿ ಎಂದು ಕೇಳಿದ್ದೀರಿ. ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ನಿಮ್ಮ ಕಷ್ಟ ನನ್ನ ತರಗತಿಯ ಅರ್ಧಕ್ಕರ್ಧ ಮಕ್ಕಳ ಕಷ್ಟ, ಮತ್ತು ಅದು ಅವರ ದಡ್ಡತನವಲ್ಲ.

ಶಾಲೆಯಲ್ಲಿ ವ್ಯಾಕರಣವನ್ನು ನಾವು ಬೇರೆಯವರು ಬರೆದುಕೊಟ್ಟ ವಾಕ್ಯಗಳ ಮೇಲೆ ಕಲಿಯುತ್ತೇವೆ: ಕರ್ತರಿಯನ್ನು ಕರ್ಮಣಿಗೆ ಬದಲಿಸು, ಎರಡು ವಾಕ್ಯಗಳನ್ನು ಕೂಡಿಸು, ಬಿಟ್ಟ ಸ್ಥಳ ತುಂಬು. ಪತ್ರಲೇಖನವೆಂದರೆ ವಿಳಾಸ, ದಿನಾಂಕ, ವಿಷಯ ಇವು ಸರಿಯಾದ ಮೂಲೆಯಲ್ಲಿದ್ದರೆ ಸಾಕು. ಪ್ರಬಂಧವನ್ನು ಗೈಡಿನಿಂದ ಬಾಯಿಪಾಠ ಮಾಡಿದ್ದಾಯಿತು. ಮನಸ್ಸಿನಲ್ಲಿರುವ ಒಂದು ವಿಚಾರವನ್ನು ವಾಕ್ಯಕ್ಕೆ ಇಳಿಸುವ ಕೆಲಸ ಈ ಯಾವುದರಲ್ಲೂ ಇಲ್ಲ. ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದ ಮೇಲೂ ಈ ಕೊರತೆ ನೀಗಿಲ್ಲ ಎಂಬುದು ನನ್ನ ನೋವು.

ಆದ್ದರಿಂದ ನಾನು ಮೊದಲು ಹೇಳಿಕೊಡುವುದು ಒಂದೇ ಪ್ರಶ್ನೆ: ಯಾರು ಏನು ಮಾಡಿದರು? ಬಸ್ಸಿನ ತೊಂದರೆ ಕುರಿತು ಬರೆಯಲು ಹೇಳಿದಾಗ ಸಾಮಾನ್ಯವಾಗಿ ಬರುವ ವಾಕ್ಯ ಇಂಥದು: ‘ಡಿಫಿಕಲ್ಟೀಸ್ ಆರ್ ಬೀಯಿಂಗ್ ಫೇಸ್ಡ್ ಡ್ಯೂ ಟು ನಾನ್-ಅವೈಲಬಿಲಿಟಿ ಆಫ್ ಬಸ್ ಫೆಸಿಲಿಟಿ.’ ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ಯಾರಿಗೆ ತೊಂದರೆ? ಯಾವ ಬಸ್ಸು, ಎಷ್ಟು ಹೊತ್ತಿಗೆ? ಒಂದೊಂದಾಗಿ ಕೇಳುತ್ತಾ ಹೋದರೆ ಆ ವಾಕ್ಯ ಬರೆದ ಹುಡುಗಿಯೇ ಹೀಗೆ ಬರೆಯುತ್ತಾಳೆ: ‘ನೋ ಬಸ್ ಕಮ್ಸ್ ಟು ಅವರ್ ವಿಲೇಜ್ ಬಿಫೋರ್ ನೈನ್. ವಿ ಮಿಸ್ ದಿ ಫಸ್ಟ್ ಕ್ಲಾಸ್.’ ಪದಗಳೆಲ್ಲ ಏಳನೇ ತರಗತಿಯವು. ಆದರೂ ಮೊದಲ ವಾಕ್ಯದಲ್ಲಿ ಇಲ್ಲದ ಊರು, ಹೊತ್ತು, ನಷ್ಟ ಮೂರೂ ಬಂದು ಕುಳಿತಿವೆ. ಸ್ಪಷ್ಟತೆ ಎಂದರೆ ಭಾಷೆಯನ್ನು ಸರಳಗೊಳಿಸುವುದಷ್ಟೇ ಎಂದು ಹಲವರು ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಅದು ಮುಖ್ಯವಾಗಿ ವಿವರವನ್ನು ಹುಡುಕುವ ಕೆಲಸ. ದೊಡ್ಡ ಪದಗಳು ವಿವರ ಇಲ್ಲದಿರುವುದನ್ನು ಮುಚ್ಚಿಡುತ್ತವೆ.

ನಮ್ಮವರಿಗೇ ವಿಶೇಷವಾದ ಒಂದು ತೊಡಕೂ ಇದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ಬಂದೆವು’, ‘ಬಂದಳು’ ಎಂದರೆ ಬಂದವರು ಯಾರೆಂಬುದು ಅದರಲ್ಲೇ ತಿಳಿಯುತ್ತದೆ. ಹಾಗಾಗಿ ಕರ್ತೃವನ್ನು ಬಿಟ್ಟರೂ ನಡೆಯುತ್ತದೆ, ಕರ್ತೃವಿಗೂ ಕ್ರಿಯೆಗೂ ನಡುವೆ ನಾಲ್ಕು ಸಂಗತಿ ತುಂಬಿದರೂ ಓದುಗ ಕಾಯುತ್ತಾನೆ. ಇಂಗ್ಲಿಷ್ ಓದುಗ ಅಷ್ಟು ಕಾಯುವುದಿಲ್ಲ. ಅಲ್ಲಿ ಕರ್ತೃವನ್ನು ಹೇಳಲೇಬೇಕು, ಕ್ರಿಯಾಪದವನ್ನು ಅದರ ಬೆನ್ನಿಗೇ ಇಡಬೇಕು, ಉಳಿದದ್ದು ಆಮೇಲೆ. ನಿಮ್ಮ ಹಳೆಯ ಒಂದು ಪ್ಯಾರಾ ತೆಗೆದುಕೊಂಡು ಪ್ರತಿ ವಾಕ್ಯದ ಕರ್ತೃ ಮತ್ತು ಕ್ರಿಯಾಪದದ ಅಡಿಗೆ ಗೆರೆ ಎಳೆಯಿರಿ. ಎರಡು ಗೆರೆಗಳು ದೂರ ದೂರ ಇರುವ ಕಡೆಯೇ ನಿಮ್ಮ ಅಧ್ಯಾಪಕರು ಎಡವಿರುತ್ತಾರೆ.

ಪ್ಯಾರಾ ಕಟ್ಟುವುದು ಇದರ ಮುಂದಿನ ಹೆಜ್ಜೆ: ಹಿಂದಿನ ವಾಕ್ಯ ಮುಗಿದ ಸಂಗತಿಯಿಂದ ಮುಂದಿನದನ್ನು ಎತ್ತಿಕೊಳ್ಳಿ, ಹೊಸದನ್ನು ವಾಕ್ಯದ ಕೊನೆಗಿಡಿ.

ಇನ್ನು, ದಯವಿಟ್ಟು ಕನ್ನಡ ಓದುವುದನ್ನು ಬಿಡಬೇಡಿ. ಎ. ಎನ್. ಮೂರ್ತಿರಾವ್ ಅವರೂ ಪಿ. ಲಂಕೇಶ್ ಅವರೂ ಇಂಗ್ಲಿಷ್ ಮೇಷ್ಟ್ರುಗಳಾಗಿದ್ದವರು; ಅವರ ಕನ್ನಡ ಗದ್ಯದಲ್ಲಿ ಯಾರು ಏನು ಮಾಡಿದರು ಎಂಬುದು ಒಮ್ಮೆಯೂ ಮಸುಕಾಗುವುದಿಲ್ಲ. ಕನ್ನಡದಲ್ಲಿ ನೇರವಾಗಿ ಯೋಚಿಸಬಲ್ಲವರಿಗೆ ಇಂಗ್ಲಿಷಿನಲ್ಲಿ ಬೇಕಾಗುವುದು ಪದಗಳ ಜೋಡಣೆಯ ಅಭ್ಯಾಸ ಮಾತ್ರ.

ಚಿಕ್ಕ ವಾಕ್ಯ ಬರೆದರೆ ಅಂಕ ಹೋದೀತೆಂಬ ಭಯ ನಿಮಗಿರಬಹುದು. ಮೌಲ್ಯಮಾಪನಕ್ಕೆ ಕುಳಿತಾಗ ಉತ್ತರಪತ್ರಿಕೆಗಳ ಕಟ್ಟಿನ ನಡುವೆ ನೇರವಾಗಿ ಬರೆದ ಒಂದು ಪುಟ ಸಿಕ್ಕರೆ ನನ್ನ ಕೈ ಧಾರಾಳವಾಗುತ್ತದೆ. ಅದರಲ್ಲಿ ‘ಎ’, ‘ದಿ’ಗಳು ಒಂದೆರಡು ಕಡೆ ತಪ್ಪಿದ್ದರೂ ಸರಿಯೇ.