ಕುತ್ತಿಗೆ ನಿಲ್ಲದ ಗೊಂಬೆ

(ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದೆ.)

ಕೊಪ್ಪಳದ ಕಡೆಯವರು, ಮೂವತ್ತು ದಾಟಿದ ಹೆಣ್ಣುಮಗಳು. ಇಲ್ಲಿ ಶಾಂತಕ್ಕ ಅನ್ನೋಣ. ಆಪ್ತ ಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದವರು, ನಿದ್ದೆ ಸರಿಯಿಲ್ಲ, ತಲೆಭಾರ ಅಂತ ಮಾತು ಶುರು ಮಾಡಿದರು. ಅರ್ಧ ಗಂಟೆ ಆದಮೇಲೆ ಕೈಲಿದ್ದ ಚೀಲ ಬಿಚ್ಚಿದರು. ಒಳಗೆ ಒಂಬತ್ತು ಬಟ್ಟೆ ಗೊಂಬೆ. ಇಳಕಲ್ ಸೀರೆಯ ತುಂಡು, ಖಣದ ಕುಪ್ಪಸ, ಕಪ್ಪು ದಾರದ ಜಡೆ. ಒಂದಕ್ಕೂ ಮುಖ ಇರಲಿಲ್ಲ. ಕಣ್ಣು ಹೊಲಿದು ಬಿಚ್ಚಿ, ಮತ್ತೆ ಹೊಲಿದು ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಸೂಜಿ ತೂತುಗಳಷ್ಟೇ ಉಳಿದಿದ್ದವು.

"ನನಗ ಬರಂಗಿಲ್ರೀ ಮೇಡಂ. ಸುಮ್ನ ಒಪ್ಕೊಂಡು ಕೂತೀನಿ."

ಸಂಘದ ಹೆಂಗಸರು ಗವಿಮಠದ ಜಾತ್ರೆಯಲ್ಲಿ ಅಂಗಡಿ ಹಾಕೋಣ, ಇಪ್ಪತ್ತು ಗೊಂಬೆ ಮಾಡಿಕೊಡು ಅಂದಿದ್ದರಂತೆ. ಜಾತ್ರೆಗೆ ಇನ್ನು ಎರಡು ತಿಂಗಳು.

ನಾನು ಅಲ್ಲೇ ಒಂದು ತಪ್ಪು ಮಾಡಿದೆ. "ಎಷ್ಟು ಚೆಂದ ಇವೆಯಲ್ರೀ!" ಅಂದೆ. ಅವರು ಏನೂ ಅನ್ನದೆ ಚೀಲದ ಬಾಯಿ ಕಟ್ಟಿದರು. ಇವರಿಗೂ ನಿಜ ಹೇಳೋ ಮನಸ್ಸಿಲ್ಲ ಅಂತ ಅನ್ನಿಸಿರಬೇಕು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದಿದ್ದರು: 'ನನ್ನಿಂದ ಆಗುತ್ತೆ' ಅನ್ನೋ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿ ಬುನಾದಿ ಅಂದರೆ ತಾನೇ ಮಾಡಿ ಗೆದ್ದ ಅನುಭವ. ಬೇರೆಯವರ ಹುರಿದುಂಬಿಸುವ ಮಾತಿಗೆ ಅಷ್ಟು ಬಲ ಇಲ್ಲ. ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಆ ಹೊತ್ತಿಗೆ ಮರೆತಿದ್ದೆ.

ಎರಡನೇ ಸಲ ಬಂದಾಗ ಹೊಗಳಲಿಲ್ಲ. 'ಬರಂಗಿಲ್ಲ' ಅನ್ನೋದು ಯಾವತ್ತು ಶುರುವಾಯ್ತು ಅಂತ ಕೇಳಿದೆ. ದೀಪಾವಳಿಗೆ ಬಂದ ನಾದಿನಿ ಮೊದಲ ಗೊಂಬೆ ಎತ್ತಿ ಹಿಡಿದು, "ಇದೇನ್ ವೈನಿ, ಕುತ್ತಿಗಿ ಮುರದ ಕೋಳಿ ಹಂಗ ಐತಲ್ಲ" ಅಂದು ನಕ್ಕಿದ್ದಳಂತೆ. ಮನೆಯವರೆಲ್ಲ ನಕ್ಕರು. ಶಾಂತಕ್ಕನೂ ನಕ್ಕರು. ಅವತ್ತಿನಿಂದ ಗೊಂಬೆಯ ಮುಖ ಮುಗಿದಿಲ್ಲ.

ಒಂದು ಗೊಂಬೆ ಎತ್ತಿ ನೋಡಿದೆ. ನಾದಿನಿ ಸುಳ್ಳು ಹೇಳಿರಲಿಲ್ಲ. ತಲೆ ನಿಜಕ್ಕೂ ಜೋತು ಬೀಳುತ್ತಿತ್ತು. ಹಾಗಂತ ಹೇಳಿದೆ ಕೂಡ. ವಿಚಿತ್ರ ಅಂದರೆ, ಅದನ್ನು ಕೇಳಿದ ಮೇಲೇ ಅವರು ನೆಟ್ಟಗೆ ಕೂತರು.

"ಯಾಕೆ ಬೀಳುತ್ತೆ?" ಅಂದೆ.

"ಅರಳಿ ಕಡಿಮಿ ಆಗೇತ್ರೀ. ತಲಿ ತುಂಬಿ ಆಮ್ಯಾಲೆ ಕುತ್ತಿಗಿಗೆ ತುಂಬತೀನಿ, ಅಲ್ಲಿ ಬೆರಳು ಹೋಗಂಗಿಲ್ಲ."

"ಮತ್ತೆ?"

"ಕಡ್ಡೀಲೆ ಒತ್ತಿ ತುಂಬಬೇಕ್ರೀ. ಇಲ್ಲಾಂದ್ರ ಒಳಗ ಒಂದು ಬಿದಿರು ಕಡ್ಡಿ ಇಡಬೇಕು."

ಉತ್ತರ ಅವರ ಹತ್ತಿರವೇ ಇತ್ತು. 'ಕುತ್ತಿಗೆ ನಿಲ್ಲುತ್ತಿಲ್ಲ' ಅನ್ನೋದು ಕಡ್ಡಿಯಿಂದ ಸರಿಹೋಗುವ ದೂರು. 'ನನಗೆ ಬರಲ್ಲ' ಅನ್ನೋದಕ್ಕೆ ಯಾವ ಕಡ್ಡಿ ಇಡ್ತೀರಿ? ಚಿಕ್ಕ ದೂರು ಹೋಗಿ ದೊಡ್ಡ ದೂರಿನೊಳಗೆ ಅಡಗಿ ಕೂತಿತ್ತು.

ಇನ್ನೊಂದು ಮುಳ್ಳೂ ಇತ್ತು. "ಕಿನ್ನಾಳ ಇಲ್ಲೇ ಬಾಜೂಕ ಐತ್ರೀ. ಅವರ ಗೊಂಬಿ ಮುಂದ ನನ್ನ ಅರಿವಿ ಗೊಂಬಿ ಯಾರು ನೋಡ್ತಾರ?" ಬಣ್ಣದ ಮರದ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರ ಕೆಲಸ ತಲೆಮಾರುಗಳದ್ದು, ನಿಜ. ಆದರೆ ಆ ಗೊಂಬೆ ಹೇಗೆ ಆಗುತ್ತೆ ಗೊತ್ತಾ ಅಂತ ಕೇಳಿದೆ. ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ಚಿಂದಿ, ಮರದ ಹೊಟ್ಟು, ಅದೇ ಅಂಟು ಕಲಸಿದ 'ಕಿಟ್ಟ'ವನ್ನು ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಹತ್ತಿಯ ತುಣುಕು ಅಂಟಿಸುತ್ತಾರೆ. ಬಣ್ಣದ ಹೊಳಪು ಬರೋದು ಕೊನೆಗೆ. "ಅಂದ್ರ ಒಳಗ ಚಿಂದಿನೇ ಐತೇನ್ರೀ?" ಅಂದರು. ಆ ನಗು ಚೆನ್ನಾಗಿತ್ತು.

ಕೊಟ್ಟ ಸಲಹೆ ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್ ಇಡಿ. ಗೊಂಬೆ ಮುಗಿದಾಗ ತಪ್ಪು ಬರೆಯಿರಿ, ಆದರೆ ತಪ್ಪಿಗೆ ಗೊಂಬೆಯ ಮೈಮೇಲೆ ಒಂದು ಜಾಗ ಇರಬೇಕು: ಕುತ್ತಿಗೆ, ಹೊಲಿಗೆ, ಕಣ್ಣು. 'ನಾನು' ಅಂತ ಶುರುವಾಗುವ ವಾಕ್ಯ ಅದರಲ್ಲಿ ಬರಬಾರದು. ರಾತ್ರಿ ಹೊಲಿದ ಮುಖವನ್ನು ರಾತ್ರಿಯೇ ಬಿಚ್ಚಬೇಡಿ. ಬೆಳಿಗ್ಗೆ ಒಂದು ಮಾರು ದೂರ ಇಟ್ಟು ನೋಡಿ. ಕಣ್ಣಿಗೆ ಒತ್ತಿಕೊಂಡು ನೋಡಿದರೆ ಯಾವ ಹೊಲಿಗೆ ನೆಟ್ಟಗೆ ಕಾಣುತ್ತೆ? ಅವರ ಅಜ್ಜಿ ಹೊಲಿದ ಕೌದಿಯಲ್ಲಿ ಒಂದು ಸಾಲೂ ನೆಟ್ಟಗಿಲ್ಲವಂತೆ, ಇವತ್ತಿಗೂ ಅದಿಲ್ಲದೆ ಮಗನಿಗೆ ನಿದ್ದೆ ಬರಲ್ಲವಂತೆ. ಇದು ನಾನು ಕೇಳದೆ ಅವರೇ ಹೇಳಿದ್ದು. ಮೊದಲ ಮೂರು ಗೊಂಬೆ ಮಾರಬೇಡಿ, ಓಣಿಯ ಮಕ್ಕಳಿಗೆ ಕೊಡಿ, ಅಂದೆ.

ನಿದ್ದೆಯ ವಿಷಯ ಮಾತ್ರ ಬೇರೆಯಾಗಿ ವಿಚಾರಿಸಿದೆ. ಊಟ ಸೇರುತ್ತಿತ್ತು, ಬದುಕು ಬೇಡ ಅನ್ನೋ ಯೋಚನೆ ಇರಲಿಲ್ಲ. ಹಾಗೇನಾದರೂ ಇದ್ದರೆ ನೋಟ್‌ಬುಕ್ ಸಾಲದು, ಡಾಕ್ಟರ್ ಬೇಕು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಜಾತ್ರೆಗೆ ಇಪ್ಪತ್ತು ಆಗಲಿಲ್ಲ. ಹನ್ನೊಂದು ಆದವು. ಬೆಲೆ ಹೇಳುವಾಗ ದನಿ ಇಳಿಯುತ್ತೆ ಅಂತ ಸಂಘದವರು ಇವರನ್ನು ಹಿಂದೆ ಕೂರಿಸಿದರಂತೆ. ಆ ಕೆಲಸ ನಮಗೆ ಇನ್ನೂ ಬಾಕಿ ಇದೆ.

ಕಳೆದ ಸಲ ನೋಟ್‌ಬುಕ್ ತಂದಿದ್ದರು. ಕೊನೆಯ ಪುಟದಲ್ಲಿ ಹೀಗಿತ್ತು: "ಕುತ್ತಿಗೆ ನಿಂತಿದೆ. ಎಡಗಣ್ಣು ಸ್ವಲ್ಪ ಮೇಲೆ. ಬಿಚ್ಚಿಲ್ಲ."